ಮಕ್ಕಳಿಗೇನು ಮಾಡಿಟ್ಟಿರಿ?

ನಂಜನಗೂಡು, ತಿರುಮಕೂಡಲು ನರಸೀಪುರದ ಸೀಮೆಯಲ್ಲಿ ಒಬ್ಬ ಗೃಹಸ್ಥನ ಬಾಳನ್ನು ಅಳೆಯುವುದಕ್ಕೆ ಒಂದು ಪ್ರಶ್ನೆಯುಂಟು. ಆತ ಎಷ್ಟು ಓದಿದ, ಎಷ್ಟು ಊರು ಕಂಡ, ಎಷ್ಟು ಜನಕ್ಕೆ ಬೇಕಾದವನಾಗಿದ್ದ ಎಂಬುದೆಲ್ಲ ಆಮೇಲಿನ ಮಾತು. ಜಗಲಿಯ ಮೇಲೆ ಕುಳಿತ ಹಿರಿಯರು ಮೊದಲು ಕೇಳುವುದು, ‘ಮಕ್ಕಳಿಗೇನು ಮಾಡಿಟ್ಟಿದ್ದಾನೆ?’ ಎಂದು. ಇದಕ್ಕೆ ಉತ್ತರ ಸಾಮಾನ್ಯವಾಗಿ ಎಕರೆ ಗುಂಟೆಗಳ ಲೆಕ್ಕದಲ್ಲಿರುತ್ತದೆ. ನಾಲೆಯ ಕೆಳಗೆ ಎರಡು ಎಕರೆ ಗದ್ದೆ, ಒಂದಿಷ್ಟು ಬಾಳೆಯ ತೋಟ, ಊರೊಳಗೊಂದು ಹೆಂಚಿನ ಮನೆ. ಇಷ್ಟಿದ್ದರೆ ಆತ ಕರ್ತವ್ಯ ಮುಗಿಸಿದ ತಂದೆ. ಅಣ್ಣತಮ್ಮಂದಿರು ಪಾಲಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುವುದೂ, ಹೆಣ್ಣುಮಕ್ಕಳ ಹಕ್ಕಿನ ಮಾತು ಬಂದೊಡನೆ ಮನೆಯಲ್ಲಿ ಮೌನ ಕವಿಯುವುದೂ ಇದೇ ಪ್ರಶ್ನೆಯ ಬೇರೆ ಬೇರೆ ಮಗ್ಗುಲುಗಳು.

ಆದರೆ ಬಿಟ್ಟುಹೋಗಲು ಒಂದು ಗುಂಟೆ ನೆಲವೂ ಇಲ್ಲದ, ಇದ್ದ ನೆಲವನ್ನೆಲ್ಲ ಹಿಮಾಲಯದ ಆಚೆ ಬಿಟ್ಟುಬಂದ ತಂದೆತಾಯಿಗಳಿಗೆ ಈ ಪ್ರಶ್ನೆಯನ್ನು ಹೇಗೆ ಕೇಳುವುದು? ಅವರು ಕೊಡುವ ಉತ್ತರ ಯಾವುದು? ಇಂದು ಈ ವಿಷಯವಾಗಿ ಕೆಲವು ಮಾತುಗಳನ್ನು ತಮ್ಮ ಮುಂದಿಡಬಯಸುತ್ತೇನೆ.

ಇದಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಮೈಸೂರಿನಿಂದ ನರಸೀಪುರದ ಮೇಲೆ ಹಾದು ಕೊಳ್ಳೇಗಾಲಕ್ಕೆ ಹೋಗುವ ರಸ್ತೆಯಲ್ಲಿ ಮುಂದುವರಿದರೆ, ಹನೂರಿನ ಕಡೆಯ ಕಾಡಂಚಿನಲ್ಲಿ ಒಡೆಯರಪಾಳ್ಯವೆಂಬ ಊರು ಸಿಕ್ಕುತ್ತದೆ. ಅಲ್ಲಿ 1974ರಲ್ಲಿ ಟಿಬೆಟ್ಟಿನಿಂದ ಬಂದ ನಿರಾಶ್ರಿತರಿಗಾಗಿ ಒಂದು ವಸತಿ ಏರ್ಪಟ್ಟಿತು. ಅದಕ್ಕೆ ಅವರು ಇಟ್ಟುಕೊಂಡ ಹೆಸರು ಧೊಂಡೆನ್‌ಲಿಂಗ್. ಆಗ ಅದು ಮೈಸೂರು ಜಿಲ್ಲೆಗೇ ಸೇರಿತ್ತು. ಚಾಮರಾಜನಗರ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ನರಸೀಪುರದಲ್ಲಿ ನಾನು ಅಧ್ಯಾಪಕನಾಗಿದ್ದ ವರ್ಷಗಳಲ್ಲಿ ಆ ವಸತಿಯ ಜನ ಮೈಸೂರಿಗೆ ಹೋಗುವಾಗ ಬರುವಾಗ ಬಸ್ ನಿಲ್ದಾಣದಲ್ಲಿ ಕಾಣಸಿಗುತ್ತಿದ್ದರು. ನೀಳವಾದ ನಿಲುವಂಗಿ, ಮದುವೆಯಾದ ಹೆಂಗಸರ ಸೊಂಟಕ್ಕೆ ಬಣ್ಣಬಣ್ಣದ ಪಟ್ಟೆಗಳ ಮುಂದುಡುಗೆ, ಕೈಯಲ್ಲಿ ಜಪಮಾಲೆ. ನಮ್ಮ ಜನ ಅವರನ್ನು ಕುತೂಹಲದಿಂದ ನೋಡುತ್ತಿದ್ದರು. ಆದರೆ ಆ ತಾಯಂದಿರ ಬೆನ್ನಿಗೆ ಕಟ್ಟಿದ್ದ ಕೂಸು ಮುಂದೆ ಯಾವ ಭಾಷೆಯಲ್ಲಿ ಕನಸು ಕಂಡೀತು, ಯಾವ ಊರನ್ನು ತನ್ನ ಊರೆಂದೀತು ಎಂಬ ಯೋಚನೆ ಬಸ್ಸಿನ ಅವಸರದಲ್ಲಿ ಯಾರಿಗೆ ಬರಬೇಕು?

ಈ ಜನ ಇಲ್ಲಿಗೆ ಬಂದ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬೇಕು. 1959ರ ಮಾರ್ಚ್ ತಿಂಗಳಲ್ಲಿ ಲ್ಹಾಸಾ ನಗರದಲ್ಲಿ ಚೀನೀ ಆಡಳಿತದ ವಿರುದ್ಧ ಜನ ದಂಗೆಯೆದ್ದರು. ದಲೈ ಲಾಮಾ ಅವರು ರಾತ್ರೋರಾತ್ರಿ ನಗರವನ್ನು ಬಿಟ್ಟು, ಆ ತಿಂಗಳ 31ರಂದು ಭಾರತದ ಗಡಿಯೊಳಕ್ಕೆ ಕಾಲಿಟ್ಟರು. ಅವರ ಹಿಂದೆ ಸಾವಿರಾರು ಕುಟುಂಬಗಳು ಹಿಮದ ಕಣಿವೆಗಳನ್ನು ದಾಟಿ ಬಂದವು. ಅಸ್ಸಾಮಿನ ಮಿಸ್ಸಾಮಾರಿಯಲ್ಲಿ, ಬಂಗಾಳದ ಬಕ್ಸಾದಲ್ಲಿ ಶಿಬಿರಗಳು ತೆರೆದವು. ತಣ್ಣನೆಯ ಒಣಗಾಳಿಗೆ ಒಗ್ಗಿದ್ದ ಮೈಗಳು ಬಯಲಿನ ಸೆಕೆಯನ್ನು, ಅಲ್ಲಿನ ನೀರನ್ನು ತಾಳದೆ ಹೋದುವು. ಬದುಕಿ ಉಳಿದವರಲ್ಲಿ ಅನೇಕರನ್ನು ಸಿಕ್ಕಿಂ, ಹಿಮಾಚಲ, ಜಮ್ಮುವಿನ ಕಡೆ ಬೆಟ್ಟದ ರಸ್ತೆ ಕಡಿಯುವ ಕೂಲಿಗೆ ಹಚ್ಚಲಾಯಿತು. ನಿನ್ನೆಯವರೆಗೆ ಹೊಲವೂ ಚಮರೀಮೃಗದ ಮಂದೆಯೂ ಇದ್ದ ಗೃಹಸ್ಥ, ಇಂದು ಹೆಂಡತಿಯೊಡನೆ ರಸ್ತೆಯ ಬದಿಯಲ್ಲಿ ಕಲ್ಲು ಒಡೆಯುವ ಕೂಲಿಯಾದ.

ಹೀಗೆ ಕಲ್ಲು ಒಡೆಯುವ ತಂದೆತಾಯಿಗಳ ಮಕ್ಕಳು ಎಲ್ಲಿರಬೇಕು? ರಸ್ತೆಯ ಅಂಚಿನ ಗುಡಾರಗಳಲ್ಲಿ, ದೂಳಿನಲ್ಲಿ, ಮದ್ದು ಸಿಡಿಸುವ ಬಂಡೆಗಳ ಸಮೀಪದಲ್ಲಿ. ರಸ್ತೆ ಮುಂದೆ ಸಾಗಿದಂತೆಲ್ಲ ಗುಡಾರವೂ ಮುಂದೆ ಸಾಗುತ್ತಿತ್ತು. ಆದ್ದರಿಂದ ಶಾಲೆಯ ಮಾತೇ ಇರಲಿಲ್ಲ. 1960ರ ಮೇ ತಿಂಗಳಲ್ಲಿ ಜಮ್ಮುವಿನ ರಸ್ತೆ ಕೆಲಸದ ಶಿಬಿರಗಳಿಂದ 51 ಮಕ್ಕಳನ್ನು ಧರ್ಮಶಾಲೆಗೆ ಕರೆತಂದರು. ರೋಗದಿಂದಲೂ ಹಸಿವಿನಿಂದಲೂ ಬಳಲಿದ್ದ ಆ ಮಕ್ಕಳಿಗಾಗಿ ದಲೈ ಲಾಮಾ ಅವರ ಅಕ್ಕ ತ್ಸೆರಿಂಗ್ ದೋಲ್ಮಾ ಒಂದು ಶಿಶುಗೃಹವನ್ನು ತೆರೆದರು. 1964ರಲ್ಲಿ ಅವರು ತೀರಿಕೊಂಡ ಮೇಲೆ ತಂಗಿ ಜೆತ್ಸುನ್ ಪೆಮಾ ಆ ಹೊಣೆಯನ್ನು ಹೊತ್ತರು. ಅದೇ ಬೆಳೆದು ಟಿಬೆಟನ್ ಮಕ್ಕಳ ಗ್ರಾಮವಾಯಿತು. ಅದರ ಶಾಖೆಯೊಂದು ಮುಂದೆ ನಮ್ಮ ಬೈಲಕುಪ್ಪೆಯಲ್ಲಿಯೂ ನಡೆಯಿತು.

ಇಲ್ಲಿ ಒಂದು ಕ್ಷಣ ನಿಂತು ನಮ್ಮ ಗೋವಿನ ಕಥೆಯನ್ನು ನೆನೆದುಕೊಳ್ಳೋಣ. ಪುಣ್ಯಕೋಟಿಯ ಸತ್ಯನಿಷ್ಠೆಯನ್ನು ನಾವೆಲ್ಲ ಕೊಂಡಾಡುತ್ತೇವೆ. ಆದರೆ ಹುಲಿಯ ಬಳಿಗೆ ಹಿಂತಿರುಗುವ ಮುನ್ನ ಅದು ತನ್ನ ಕರುವನ್ನು ಒಡನಾಡಿ ಹಸುಗಳಿಗೆ ಒಪ್ಪಿಸುತ್ತದಲ್ಲ, ಆ ಸನ್ನಿವೇಶವನ್ನು ನಾನು ತರಗತಿಯಲ್ಲಿ ಪಾಠ ಹೇಳುವಾಗಲೆಲ್ಲ ತುಸು ನಿಧಾನಿಸುತ್ತಿದ್ದೆ. ಸತ್ಯಕ್ಕಾಗಿ ಪ್ರಾಣ ಕೊಡುವುದು ದೊಡ್ಡದು, ನಿಜ. ಹಾಲು ಕುಡಿಯುವ ಕರುವನ್ನು ಇನ್ನೊಬ್ಬರ ಕೈಗೆ ಕೊಟ್ಟು, ಇದನ್ನು ನಿಮ್ಮದೆಂದು ಕಾಣಿರಿ ಎನ್ನುವುದು ಅದಕ್ಕಿಂತ ಸುಲಭವೆ? ರಸ್ತೆ ಕೆಲಸದ ತಾಯಂದಿರು ಮಾಡಿದ್ದು ಇದನ್ನೇ. ಅವರಿಗೆ ಮಕ್ಕಳನ್ನು ಸಾಕುವುದೆಂದರೆ ಮೊಟ್ಟಮೊದಲಿಗೆ ಮಕ್ಕಳನ್ನು ಕಳುಹಿಸಿಕೊಡುವುದಾಗಿತ್ತು. ಮಡಿಲಲ್ಲಿಟ್ಟುಕೊಂಡರೆ ಕೂಸು ಉಳಿಯುವ ಭರವಸೆಯಿಲ್ಲ. ಉಳಿಯಬೇಕಾದರೆ ಮಡಿಲಿನಿಂದ ಇಳಿಸಬೇಕು.

ನೆಲೆಯ ಪ್ರಶ್ನೆ ಬಂದಾಗ ಪ್ರಧಾನಿ ನೆಹರೂ ಅವರು ರಾಜ್ಯಗಳ ನೆರವನ್ನು ಕೋರಿದರು. ಮುಂದೆ ಬಂದು ಭೂಮಿ ಕೊಟ್ಟ ರಾಜ್ಯಗಳಲ್ಲಿ ಅಂದಿನ ಮೈಸೂರು ರಾಜ್ಯಕ್ಕೆ ಮುಖ್ಯ ಸ್ಥಾನವಿದೆ. ನಮ್ಮ ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಬಳಿ ಸುಮಾರು 3000 ಎಕರೆ ಕಾಡುಭೂಮಿಯನ್ನು ಗುತ್ತಿಗೆಯಾಗಿ ಕೊಡಲಾಯಿತು. 1960–61ರಲ್ಲಿ ಮೊದಲ ತಂಡಗಳು ಬಂದು ಇಳಿದವು. ಅನಂತರ 1966ರಲ್ಲಿ ಉತ್ತರ ಕನ್ನಡದ ಮುಂಡಗೋಡು, 1969ರಲ್ಲಿ ಬೈಲಕುಪ್ಪೆಯಲ್ಲೇ ಎರಡನೆಯ ವಸತಿ, 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರ, 1974ರಲ್ಲಿ ಆಗಲೇ ಹೇಳಿದ ಒಡೆಯರಪಾಳ್ಯ. ಈ ಕಾರ್ಯಕ್ಕೆಂದೇ 1968ರಲ್ಲಿ ‘ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ’ ಎಂಬ ಅರ್ಥದ ಹೆಸರಿನಲ್ಲಿ ಮೈರಾಡ ಹುಟ್ಟಿಕೊಂಡಿತು. ಕರ್ನಾಟಕದ ಈ ಔದಾರ್ಯವನ್ನು ನೆನೆಯುವಾಗ ದಲೈ ಲಾಮಾ ಅವರು ಎಸ್. ನಿಜಲಿಂಗಪ್ಪನವರ ಹೆಸರನ್ನು ಕೃತಜ್ಞತೆಯಿಂದ ಸ್ಮರಿಸುತ್ತ ಬಂದಿದ್ದಾರೆ.

ಬಂದವರಿಗೆ ಸಿಕ್ಕಿದ್ದು ಹೊಲವಲ್ಲ, ಕಾಡು. ಬಿದಿರಿನ ಗುಡಿಸಲು, ಬಟ್ಟೆಯ ಡೇರೆ. ಹಗಲೆಲ್ಲ ಮರ ಕಡಿದು ಬೇರು ಸುಡಬೇಕು. ರಾತ್ರಿ ಆನೆಗಳನ್ನು ಓಡಿಸಬೇಕು. ಜವೆಗೋಧಿ ಬೆಳೆಯುತ್ತಿದ್ದ ಕೈಗಳು ಮುಸುಕಿನ ಜೋಳ ಬಿತ್ತುವುದನ್ನು ಕಲಿಯಬೇಕಾಯಿತು. ಟಿಬೆಟ್ಟಿನವರ ನಿತ್ಯದ ಆಹಾರವಾದ ‘ತ್ಸಂಪಾ’ ನಮಗೆ ತೀರ ಅಪರಿಚಿತವಾದ ವಸ್ತುವಲ್ಲ. ಅದು ಹುರಿದ ಜವೆಗೋಧಿಯ ಹಿಟ್ಟು. ನಮ್ಮ ಕಡೆಯ ರಾಗಿಯ ಹುರಿಹಿಟ್ಟಿನ ದಾಯಾದಿ ಎನ್ನಬಹುದು. ಹುರಿಹಿಟ್ಟನ್ನು ಬಟ್ಟಲಿಗೆ ಹಾಕಿ ಬೆರಳಲ್ಲಿ ಕಲಸಿ ಮಗುವಿನ ಬಾಯಿಗಿಡುವ ತಾಯಿಯನ್ನು ನರಸೀಪುರದ ಯಾವ ಮುದುಕಿಯಾದರೂ ಕಂಡರೆ, ಇವಳು ನಮ್ಮ ಪೈಕಿಯವಳೇ ಎಂದುಕೊಂಡಾಳು.

ತೊಂಬತ್ತರ ದಶಕದಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರವೊಂದರ ನಿಮಿತ್ತ ವಿದ್ಯಾರ್ಥಿಗಳೊಡನೆ ನಾನು ಒಡೆಯರಪಾಳ್ಯದ ಕಡೆ ಹೋಗಿದ್ದೆ. ಅಲ್ಲಿ ಒಬ್ಬ ವೃದ್ಧ ರೈತರು ಜೋಳದ ಹೊಲದ ಅಂಚಿನಲ್ಲಿ ಅಟ್ಟಣೆಯನ್ನು ಬಿಗಿಯುತ್ತಿದ್ದರು. ಬೆಳೆ ಚೆನ್ನಾಗಿ ಬಂದಿತ್ತು. ನಮ್ಮ ಸೀಮೆಯ ರೂಢಿಯಂತೆ, ‘ಹೊಲ ಎಷ್ಟಿದೆ ಯಜಮಾನರೆ, ಮಕ್ಕಳೆಷ್ಟು ಜನ?’ ಎಂದು ವಿಚಾರಿಸಿದೆ. ಕನ್ನಡ ಅವರಿಗೆ ವ್ಯವಹಾರಕ್ಕೆ ಸಾಕಾಗುವಷ್ಟು ಬರುತ್ತಿತ್ತು. ‘ಇದು ಸರ್ಕಾರದ್ದು ಸಾರ್. ಇರೋ ತನಕ ಉಳ್ತೀನಿ. ಮಾರೋಕಿಲ್ಲ, ಬರ್ಕೊಡೋಕಿಲ್ಲ’ ಎಂದರು. ದೂರುವ ದನಿಯಲ್ಲ, ಮಳೆ ಹೆಚ್ಚು ಕಡಿಮೆಯಾದುದನ್ನು ಹೇಳುವಂತೆ ಹೇಳಿದರು. ಮಕ್ಕಳ ವಿಷಯಕ್ಕೆ ಬಂದಾಗ ಮಾತ್ರ ಮುಖ ಅರಳಿತು. ಮಗಳು ಬೆಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಮಗ ಮಠ ಸೇರಿದ್ದ.

ಹಿಂತಿರುಗುವ ದಾರಿಯಲ್ಲಿ ಅದೇ ಮಾತನ್ನು ಯೋಚಿಸುತ್ತ ಬಂದೆ. ಗುತ್ತಿಗೆಯ ನೆಲವನ್ನು ಮಗ ಉಳಬಹುದು. ಆದರೆ ಅದು ಆಸ್ತಿಯಲ್ಲ. ಅದನ್ನು ಅಡವಿಟ್ಟು ಸಾಲ ತರುವಂತಿಲ್ಲ, ಮಗಳ ಮದುವೆಗೆ ಮಾರುವಂತಿಲ್ಲ, ಉಯಿಲು ಬರೆಯುವಂತಿಲ್ಲ. ಆದ್ದರಿಂದ ಆ ತಂದೆ ತನ್ನ ಮಕ್ಕಳಿಗೆ ಕೊಟ್ಟದ್ದು ಎರಡು ಬಗೆಯ ವಿದ್ಯೆ: ಒಂದು ಈ ನಾಡಿನಲ್ಲಿ ಬದುಕುವುದಕ್ಕೆ, ಇನ್ನೊಂದು ಆ ನಾಡನ್ನು ಮರೆಯದಿರುವುದಕ್ಕೆ. ನಿರಾಶ್ರಿತ ತಂದೆತಾಯಿಗಳ ಕಷ್ಟದ ತಿರುಳು ಇಲ್ಲೇ ಇದೆ ಎಂದು ನನಗೆ ತೋರುತ್ತದೆ. ಮಗು ಇಲ್ಲಿ ಬೇರು ಬಿಡಬೇಕು. ಇಲ್ಲವಾದರೆ ಅದರ ಬಾಳು ಸಾಗದು. ಆದರೆ ಇಲ್ಲಿಯದೇ ಆಗಿಬಿಡಬಾರದು. ಆಗಿಬಿಟ್ಟರೆ ತಾವು ಹಿಮ ದಾಟಿ ಬಂದುದರ ಅರ್ಥವೇ ಕೆಡುತ್ತದೆ. ನಮ್ಮ ರೈತ ಸಸಿಮಡಿಯಿಂದ ಪೈರು ಕಿತ್ತು ಗದ್ದೆಗೆ ನಾಟಿ ಮಾಡಿದ ಮೇಲೆ ಅದು ಮತ್ತೆ ಸಸಿಮಡಿಗೆ ಹೋಗಬೇಕೆಂದು ಬಯಸುವುದಿಲ್ಲ. ಇವರಾದರೋ, ನಾಟಿ ಮಾಡಿಯೂ, ಒಂದು ದಿನ ಕಿತ್ತೊಯ್ಯಲು ಬರುವಂತೆ ಪೈರನ್ನು ಬೆಳೆಸಬೇಕಾಯಿತು.

ಈ ಇಕ್ಕಟ್ಟಿಗೆ ಅವರು ಕಂಡುಕೊಂಡ ದಾರಿ ಶಾಲೆ. ಟಿಬೆಟನ್ ಮಕ್ಕಳಿಗೆ ಪ್ರತ್ಯೇಕವಾದ ಶಾಲೆಗಳಿರಬೇಕು, ಅವರ ಭಾಷೆ ಸಂಸ್ಕೃತಿಗಳು ಅಳಿಯಬಾರದು ಎಂಬ ವಿಷಯದಲ್ಲಿ ನೆಹರೂ ಅವರು ಸ್ವತಃ ಆಸಕ್ತಿ ವಹಿಸಿದರು. 1960ರಲ್ಲಿ ಮಸ್ಸೂರಿಯಲ್ಲಿ ಮೊದಲ ಶಾಲೆ ತೆರೆಯಿತು. 1961ರಲ್ಲಿ ಕೇಂದ್ರ ಸರ್ಕಾರದ ಶಿಕ್ಷಣ ಇಲಾಖೆಯ ಅಡಿಯಲ್ಲಿ ಈ ಶಾಲೆಗಳಿಗಾಗಿಯೇ ಒಂದು ಆಡಳಿತ ಸಂಸ್ಥೆ ಏರ್ಪಟ್ಟಿತು. ಮೊದಮೊದಲು ಇಂಗ್ಲಿಷ್ ಮಾಧ್ಯಮವೇ ಪ್ರಬಲವಾಗಿತ್ತು. ಮಕ್ಕಳು ಲೆಕ್ಕವನ್ನೂ ವಿಜ್ಞಾನವನ್ನೂ ಇಂಗ್ಲಿಷಿನಲ್ಲಿ ಕಲಿತು, ಟಿಬೆಟನ್ ಭಾಷೆಯನ್ನು ಪ್ರಾರ್ಥನೆಗೆ ಮೀಸಲಿಡುವ ಸ್ಥಿತಿ ಬಂದೀತೆಂದು ಹಿರಿಯರು ಚಿಂತಿಸಿದರು. 1985ರಿಂದೀಚೆಗೆ ಪ್ರಾಥಮಿಕ ತರಗತಿಗಳಲ್ಲಿ ಮಾತೃಭಾಷೆಯನ್ನೇ ಮಾಧ್ಯಮವಾಗಿಸುವ ಕಾರ್ಯ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಗೋಕಾಕ್ ವರದಿಯ ಕಾವು ಇನ್ನೂ ಆರದಿದ್ದ ಕಾಲವದು. ನಾವು ನಮ್ಮ ನೆಲದಲ್ಲಿ ನಮ್ಮ ಭಾಷೆಗಾಗಿ ಬೀದಿಗಿಳಿದಿದ್ದರೆ, ನಮ್ಮ ನೆರೆಯಲ್ಲೇ ಇದ್ದ ಅವರು ಪರರ ನೆಲದಲ್ಲಿ ಸದ್ದಿಲ್ಲದೆ ಪಠ್ಯಪುಸ್ತಕಗಳನ್ನು ಬರೆಯುತ್ತಿದ್ದರು.

ಆದರೆ ಶಾಲೆಯ ಜೊತೆಗೆ ಹೊಟ್ಟೆಯ ಪ್ರಶ್ನೆಯೂ ಇದೆಯಷ್ಟೆ. ಮಳೆಯನ್ನು ನಂಬಿದ ಜೋಳದ ಹೊಲದಿಂದ ಸಂಸಾರ ಸಾಗದು. ಹೀಗಾಗಿ ಸುಗ್ಗಿ ಮುಗಿದೊಡನೆ ಗಂಡಹೆಂಡಿರು ಊರೂರಿಗೆ ಹೊರಟು ಉಣ್ಣೆಯ ಸ್ವೆಟರ್ ಮಾರುವುದು ಅವರ ಎರಡನೆಯ ಬೆಳೆಯಾಯಿತು. ಲೂಧಿಯಾನದಿಂದ ಸಾಲಕ್ಕೆ ಸರಕು ತಂದು, ಚಳಿಗಾಲದ ಮೂರು ನಾಲ್ಕು ತಿಂಗಳು ಪಟ್ಟಣಗಳ ಬೀದಿಬದಿಯಲ್ಲಿ ಹರಡಿಕೊಂಡು ಕೂರಬೇಕು. ಅಷ್ಟು ಕಾಲ ಮಕ್ಕಳು ಅಜ್ಜಿತಾತಂದಿರ ಬಳಿ, ಇಲ್ಲವೆ ಶಾಲೆಯ ವಸತಿನಿಲಯದಲ್ಲಿ. ರಸ್ತೆ ಕೆಲಸದ ಕಾಲದಿಂದ ಬಂದ ಅಗಲಿಕೆ ಇಲ್ಲಿ ಇನ್ನೊಂದು ರೂಪದಲ್ಲಿ ಮುಂದುವರಿಯಿತು.

ಎಂಬತ್ತರ ದಶಕದ ಕೊನೆಯಲ್ಲಿ ಒಂದು ಕಾರ್ತಿಕ ಮಾಸದಲ್ಲಿ ನಂಜನಗೂಡಿನ ಪೇಟೆಬೀದಿಯಲ್ಲಿ ಇಂಥ ಒಬ್ಬ ತಾಯಿ ಅಂಗಡಿ ಹರಡಿದ್ದರು. ನನ್ನ ಮಗನಿಗೊಂದು ಸ್ವೆಟರ್ ಕೊಳ್ಳಲು ಹೋಗಿದ್ದೆ. ಚೌಕಾಸಿ ಮುಗಿದು ಹಣ ಎಣಿಸುವಾಗ, ಗಂಟಿನಡಿಯಿಂದ ಒಂದು ಕಾಗದ ಜಾರಿ ಬಿದ್ದಿತು. ಅಂದವಾದ ಟಿಬೆಟನ್ ಅಕ್ಷರಗಳು. ನಾನು ನೋಡುತ್ತಿರುವುದನ್ನು ಕಂಡು, ‘ಮಗ ಬರೆದಿದ್ದಾನೆ ಸಾರ್, ಹಾಸ್ಟೆಲ್‌ನಿಂದ. ಆರನೇ ಕ್ಲಾಸು’ ಎಂದರು. ‘ಏನು ಬರೆದಿದ್ದಾನಮ್ಮ?’ ಎಂದೆ. ಆಕೆ ನಕ್ಕು, ‘ಗೊತ್ತಿಲ್ಲ. ನನಗೆ ಓದೋಕೆ ಬರಲ್ಲ. ಸಂಜೆ ನಮ್ಮವರು ಬರ್ತಾರೆ, ಓದಿ ಹೇಳ್ತಾರೆ. ಈಗಾಗಲೇ ಎರಡು ಸಲ ಓದಿಸಿದೀನಿ’ ಎಂದರು. ಬಾಲ್ಯವೆಲ್ಲ ರಸ್ತೆ ಕೆಲಸದ ಗುಡಾರದಲ್ಲಿ ಕಳೆದದ್ದರಿಂದ ಆಕೆಗೆ ಶಾಲೆ ಸಿಕ್ಕಿರಲಿಲ್ಲ. ಆದರೆ ವರ್ಣಮಾಲೆಯ ಮೊದಲ ಸಾಲು ಬರುತ್ತದೆಂದು, ಮಗ ಬಾಯಿಪಾಠ ಮಾಡುತ್ತಿದ್ದಾಗ ಕೇಳಿ ಕಲಿತದ್ದೆಂದು ಹೇಳಿ, ‘ಕ, ಖ, ಗ, ಙ’ ಎಂದು ಒಪ್ಪಿಸಿದರು.

ಕನ್ನಡ ಮೇಷ್ಟರಾದ ನನಗೆ ಅದನ್ನು ಕೇಳಿ ಮೈ ಜುಂ ಎಂದಿತು. ಟಿಬೆಟನ್ ಲಿಪಿ ಏಳನೆಯ ಶತಮಾನದಲ್ಲಿ ಭಾರತದ ಲಿಪಿಯಿಂದ ರೂಪುಗೊಂಡಿತೆಂದೂ, ತೊನ್ಮಿ ಸಂಭೋಟನೆಂಬ ಮಂತ್ರಿ ಇಲ್ಲಿಗೆ ಬಂದು ಕಲಿತು ಅದನ್ನು ರಚಿಸಿದನೆಂದೂ ಅವರ ಪರಂಪರೆ ಹೇಳುತ್ತದೆ. ಘಕಾರದಂಥ ಅಕ್ಷರಗಳು ಅಲ್ಲಿಲ್ಲ. ಒಟ್ಟು ಮೂವತ್ತೇ ಅಕ್ಷರ. ಆದರೂ ಅನುಕ್ರಮ ನಮ್ಮದೇ. ಸಾವಿರಾರು ವರ್ಷಗಳ ಹಿಂದೆ ಒಂದೇ ಮನೆಯಿಂದ ಹೊರಟ ಎರಡು ಲಿಪಿಗಳು ನಂಜನಗೂಡಿನ ಪೇಟೆಬೀದಿಯಲ್ಲಿ ಹೀಗೆ ಎದುರುಬದುರಾಗಿದ್ದುವು. ಆ ತಾಯಿಗೆ ಈ ಇತಿಹಾಸವೆಲ್ಲ ಬೇಕಾಗಿರಲಿಲ್ಲ. ತನಗೆ ಓದಲು ಬಾರದ ಕಾಗದವನ್ನು ತನ್ನ ಮಗ ಬರೆಯಬಲ್ಲ. ಅದಷ್ಟೇ ಆಕೆ ಮಾಡಿಟ್ಟ ಆಸ್ತಿ. ಅದಕ್ಕಾಗಿ ವರ್ಷಕ್ಕೆ ನಾಲ್ಕು ತಿಂಗಳು ಮಗನ ಮುಖ ಕಾಣದೆ ಬೀದಿಯಲ್ಲಿ ಕೂರುವುದಕ್ಕೆ ಆಕೆ ಸಿದ್ಧಳಿದ್ದಳು.

ನಿರಾಶ್ರಿತರೆಂದರೆ ಟಿಬೆಟ್ಟಿನವರಷ್ಟೇ ಅಲ್ಲ. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕೆಯ ಚಹಾ ತೋಟಗಳಿಂದ ಹಿಂದಿರುಗಿದ ತಮಿಳು ಕುಟುಂಬಗಳನ್ನು ದಕ್ಷಿಣ ಕನ್ನಡದ ಸುಳ್ಯ, ಪುತ್ತೂರುಗಳ ರಬ್ಬರ್ ತೋಟಗಳಲ್ಲಿ ನೆಲೆಗೊಳಿಸಲಾಯಿತು. ಪೂರ್ವ ಬಂಗಾಳದಿಂದ ಬಂದವರು ರಾಯಚೂರಿನ ಸಿಂಧನೂರಿನಲ್ಲಿ ಊರು ಕಟ್ಟಿದರು. ಹಾಗೆಯೇ, ದೇಶದ ಗಡಿ ದಾಟದೆಯೂ ನಿರಾಶ್ರಿತರಾಗಬಹುದು ಎಂಬುದನ್ನು ನಂಜನಗೂಡು ನರಸೀಪುರಗಳ ನಾವು ಮರೆಯಲಾಗದು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದ ನೀರು ಇಂದು ನಮ್ಮ ಗದ್ದೆಗಳಿಗೆ ಹರಿಯುತ್ತಿದೆ. ಆ ನೀರಿನ ತಳದಲ್ಲಿ ಹಲವು ಹಳ್ಳಿಗಳಿವೆ. ಅಲ್ಲಿನ ರೈತರೂ ಕಾಡಿನ ಮಕ್ಕಳೂ ಎದ್ದು ಹೋಗಬೇಕಾಯಿತು. ನಮ್ಮ ಮಕ್ಕಳಿಗೆ ನಾವು ಮಾಡಿಡುವ ನಾಲೆಯ ಕೆಳಗಿನ ಗದ್ದೆಯ ಹಿಂದೆ, ತಮ್ಮ ಮಕ್ಕಳಿಗೆ ಏನನ್ನೂ ಮಾಡಿಡಲಾಗದೆ ಹೋದ ತಂದೆತಾಯಿಗಳಿದ್ದಾರೆ.

ಕಬಿನಿಯ ಮಾತು ಬಂದುದರಿಂದ ಇನ್ನೊಂದು ವಿಷಯ. ಈ ಹೊಳೆಯನ್ನು ನಂಜನಗೂಡಿನಲ್ಲಿ ಕಪಿಲೆಯೆಂದು ಕರೆದು ಮಿಂದು ಪುನೀತರಾಗುತ್ತೇವೆ. ನರಸೀಪುರದ ಸಂಗಮದಲ್ಲಿ ಅದು ಕಾವೇರಿಗೆ ಸೇರುತ್ತದೆ. ಅಲ್ಲಿಂದ ಮುಂದೆ ಕಪಿಲೆಯೆಂಬ ಹೆಸರಿಲ್ಲ. ನೀರು ಎಲ್ಲಿಯೂ ಹೋಗಿಲ್ಲ, ಹೆಸರು ಮಾತ್ರ ಹೋಯಿತು. ನದಿಗೆ ಇದರಿಂದ ನಷ್ಟವೇನೂ ಇಲ್ಲದಿರಬಹುದು. ಆದರೆ ಒಂದು ಜನಾಂಗಕ್ಕೆ ಹೀಗಾದರೆ? ವಿದೇಶಗಳಲ್ಲಿರುವ ನಮ್ಮ ಕನ್ನಡ ಕುಟುಂಬಗಳೂ ರಜಾದಿನಗಳಲ್ಲಿ ಮಕ್ಕಳಿಗೆ ಅ ಆ ಇ ಈ ತಿದ್ದಿಸುತ್ತಾರೆ. ಅದು ಶ್ಲಾಘ್ಯವಾದ ಕಾರ್ಯ. ಆದರೂ ಒಂದು ವ್ಯತ್ಯಾಸವುಂಟು. ನ್ಯೂಜೆರ್ಸಿಯ ಹುಡುಗ ಕನ್ನಡ ಮರೆತರೆ ಅದು ಆ ಮನೆಯ ನಷ್ಟ. ಕನ್ನಡ ನಾಡು ಇಲ್ಲಿ ಇದ್ದೇ ಇದೆ, ಅವನು ಬೇಕೆಂದಾಗ ಬರಬಹುದು. ಪರರಾಜ್ಯದಲ್ಲಿದ್ದುಕೊಂಡು ಪಂಪನು ಬನವಾಸಿಯನ್ನು ನೆನೆದ; ಅವನ ಬನವಾಸಿಗೆ ದಾರಿ ಮುಚ್ಚಿರಲಿಲ್ಲ. ಬೈಲಕುಪ್ಪೆಯ ಹುಡುಗನಿಗೆ ಹಿಂದಿರುಗಿ ನೋಡಲು ಊರಿಲ್ಲ. ಅವನ ತಾಯಿಯ ಬಾಯಲ್ಲಿರುವ ಮಾತೇ ಅವನು ಕಾಣಬಹುದಾದ ಟಿಬೆಟ್. ಆದ್ದರಿಂದ ಆ ತಾಯಿ ಭಾಷೆಯ ವಿಷಯದಲ್ಲಿ ಕಠಿಣಳಾಗಿ ಕಂಡರೆ ಅದನ್ನು ಹಟವೆನ್ನಲಾಗದು.

ಇನ್ನು ಕಾನೂನಿನ ವಿಚಾರ. ನಮ್ಮ ಪೌರತ್ವ ಕಾಯ್ದೆಯಂತೆ, 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುನ್ನ ಭಾರತದ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ಪೌರರು. ಆಮೇಲೆ ಹುಟ್ಟಿದವರಿಗೆ ತಂದೆತಾಯಿಯರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 2004ರ ಅನಂತರ ನಿಯಮ ಇನ್ನೂ ಬಿಗಿಯಾಯಿತು. ಟಿಬೆಟ್ಟಿನಲ್ಲಿ ಹುಟ್ಟಿ ಬಂದ ದಂಪತಿಗಳಿಗೆ ಬೈಲಕುಪ್ಪೆಯಲ್ಲಿ 1986ರಲ್ಲಿ ಒಂದು, 1988ರಲ್ಲಿ ಒಂದು ಮಗುವಾಯಿತೆನ್ನಿ. ಒಂದೇ ತೊಟ್ಟಿಲಲ್ಲಿ ಮಲಗಿದ ಅಣ್ಣ ಭಾರತೀಯ, ತಮ್ಮ ಪರದೇಶಿ. ಹಿರಿಯವರ ಹಕ್ಕನ್ನು ದೆಹಲಿಯ ಉಚ್ಚ ನ್ಯಾಯಾಲಯ 2010ರಲ್ಲಿ, ನಮ್ಮ ರಾಜ್ಯದ ಉಚ್ಚ ನ್ಯಾಯಾಲಯ 2013ರಲ್ಲಿ ಎತ್ತಿಹಿಡಿದುವು. ಆದರೆ ಹಕ್ಕು ಸಿಕ್ಕ ಮೇಲೂ ಅದನ್ನು ಪಡೆಯಬೇಕೆ ಬೇಡವೆ ಎಂಬ ಚರ್ಚೆ ಮನೆಮನೆಗಳಲ್ಲಿ ನಡೆಯಿತು. ಪೌರತ್ವ ಪಡೆದರೆ ಮಗನಿಗೆ ನೌಕರಿ, ಪಾಸ್‌ಪೋರ್ಟ್, ಸ್ವಂತ ನಿವೇಶನ. ಪಡೆಯದಿದ್ದರೆ ಆಗಾಗ ನವೀಕರಿಸಬೇಕಾದ ನೋಂದಣಿ ಪತ್ರ. ಆದರೆ ‘ನಾವು ಮರಳಿ ಹೋಗತಕ್ಕವರು’ ಎಂಬ ಮಾತು ಉಳಿಯುತ್ತದೆ. ಯಾವುದು ಸರಿ? ಹೊರಗಿನವರಾದ ನಾವು ತೀರ್ಪು ಹೇಳುವ ವಿಷಯ ಇದಲ್ಲ. ಮಗನ ನಾಳೆಯನ್ನೂ ತನ್ನ ನಿನ್ನೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬೇಕಾದ ತಂದೆಯ ಕೈ ನಡುಗಿದರೆ ಆಶ್ಚರ್ಯವಿಲ್ಲ.

ಈಗ ಮೂರನೆಯ ತಲೆಮಾರಿನ ಕಾಲ. ಅಮೆರಿಕದ 1990ರ ವಲಸೆ ಕಾಯ್ದೆ ಭಾರತ, ನೇಪಾಳಗಳಲ್ಲಿದ್ದ 1000 ಮಂದಿ ಟಿಬೆಟನ್ನರಿಗೆ ಅಲ್ಲಿ ನೆಲೆಸಲು ಅವಕಾಶ ಕೊಟ್ಟಿತು. ಅವರ ಹಿಂದೆ ಕುಟುಂಬಗಳು ಹೋದವು. ಕೆನಡಾ, ಯೂರೋಪುಗಳಿಗೂ ಜನ ಹರಿದುಹೋದರು. 2009ರಲ್ಲಿ ಟಿಬೆಟನ್ ಆಡಳಿತವೇ ನಡೆಸಿದ ಗಣತಿಯಲ್ಲಿ ಭಾರತದಲ್ಲಿದ್ದವರು 94,203 ಮಂದಿ. ಆಮೇಲೆ ಈ ಸಂಖ್ಯೆ ಇಳಿಯುತ್ತ ಬಂದಿದೆ. ಬೈಲಕುಪ್ಪೆಯ ಸ್ವರ್ಣಮಂದಿರವನ್ನು ನೋಡಲು ಪ್ರವಾಸಿಗರು ತಂಡೋಪತಂಡವಾಗಿ ಹೋಗುತ್ತಾರೆ. ಅದರ ಹಿಂದಿನ ಹಳ್ಳಿಗಳೊಳಕ್ಕೆ ಹೋದವರು ಕಡಿಮೆ. ಅಲ್ಲಿ ಹೊಲಗಳನ್ನು ಎಷ್ಟೋ ಕಡೆ ಸುತ್ತಲಿನ ಕನ್ನಡದ ರೈತರು ಗೇಣಿಗೆ ಮಾಡುತ್ತಿದ್ದಾರೆ. ಮನೆಯ ಮುಂದೆ ವೃದ್ಧ ದಂಪತಿಗಳು ಜಪಚಕ್ರ ತಿರುಗಿಸುತ್ತ, ಸಾಗರದಾಚೆಯ ಮೊಮ್ಮಗಳು ದೂರವಾಣಿಯಲ್ಲಿ ಮಾತಾಡುವ ಹೊತ್ತಿಗಾಗಿ ಕಾದಿರುತ್ತಾರೆ. ಈ ಚಿತ್ರ ನಮಗೂ ಹೊಸದಲ್ಲ. ನರಸೀಪುರದ ಹಳ್ಳಿಗಳಲ್ಲಿಯೂ ಬೆಂಗಳೂರಿಗೋ ಅಮೆರಿಕಕ್ಕೋ ಮಕ್ಕಳನ್ನು ಕಳುಹಿಸಿ, ಗದ್ದೆಯನ್ನು ಗುತ್ತಿಗೆಗೆ ಕೊಟ್ಟು, ಹಾಗೆಯೇ ಕಾದಿರುವ ಹಿರಿಯರಿದ್ದಾರೆ. ನಾವು ಮಾಡಿಟ್ಟ ಎಕರೆಗಳು ನಮ್ಮ ಮಕ್ಕಳನ್ನು ಹಿಡಿದಿಡಲಿಲ್ಲ. ಅವರು ಮಾಡಿಟ್ಟ ಅಕ್ಷರಗಳಾದರೂ ಮಕ್ಕಳ ಜೊತೆಗೆ ಪ್ರಯಾಣ ಮಾಡಿವೆ. ನ್ಯೂಯಾರ್ಕಿನಲ್ಲಿ, ಟೊರಾಂಟೋವಿನಲ್ಲಿ ಅವರ ಮಕ್ಕಳು ಮತ್ತೆ ‘ಕ, ಖ, ಗ, ಙ’ ಹೇಳಿಕೊಡುತ್ತಿದ್ದಾರೆ.

ಇಷ್ಟರಿಂದ ನೆಲವೇ ಬೇಡ, ವಿದ್ಯೆಯೊಂದೇ ಸಾಕು ಎಂದು ನಾನು ಹೇಳುತ್ತಿಲ್ಲ. ನೆಲ ಕಳೆದುಕೊಂಡವನ ಮುಂದೆ ನೆಲ ನಶ್ವರವೆಂದು ಉಪದೇಶ ಮಾಡುವುದು ಕ್ರೌರ್ಯ. ಕೇಂದ್ರ ಸರ್ಕಾರ 2014ರಲ್ಲಿ ಪ್ರಕಟಿಸಿದ ಟಿಬೆಟನ್ ಪುನರ್ವಸತಿ ನೀತಿಯಲ್ಲಿ ಈ ವಸತಿಗಳ ಭೂಮಿಗೆ ಸರಿಯಾದ ಗುತ್ತಿಗೆ ಪತ್ರಗಳಾಗಬೇಕೆಂಬ ಸೂಚನೆಯಿದೆ. ಆರು ದಶಕ ಉತ್ತ ಕೈಗಳಿಗೆ ಅಷ್ಟು ನಿಶ್ಚಿಂತೆಯಾದರೂ ದೊರೆಯಬೇಕಾದದ್ದು ನ್ಯಾಯ. ಆದರೆ ಸರ್ಕಾರ ಮಾಡಬಹುದಾದದ್ದು ಕಾಗದದ ಕೆಲಸ. ಉಳಿದದ್ದು ನೆರೆಯವರಾದ ನಮ್ಮ ಪಾಲಿನದು. ಅರವತ್ತು ವರ್ಷ ನಮ್ಮ ನೆರೆಯಲ್ಲಿ ಬಾಳಿದವರನ್ನು ನಾವು ಈಗಲೂ ‘ಸ್ವೆಟರಿನವರು’ ಎಂದು ಕರೆಯುತ್ತೇವೆ. ಶಾಲೆ ಕಚೇರಿಗಳ ಅರ್ಜಿಯಲ್ಲಿ ಅವರ ಮಕ್ಕಳಿಗೆ ಇನಿಷಿಯಲ್ ಇಲ್ಲವೆಂದು ಗೊಣಗುತ್ತೇವೆ. ಅವರಲ್ಲಿ ಮನೆತನದ ಹೆಸರು ಸೇರಿಸುವ ರೂಢಿ ಸಾಮಾನ್ಯವಾಗಿ ಇಲ್ಲ, ಹೆಸರನ್ನು ಲಾಮಾ ಕೊಡುತ್ತಾರೆ, ದಲೈ ಲಾಮಾ ಅವರ ಹೆಸರಿನ ಭಾಗವಾದ ‘ತೆನ್ಜಿನ್’ ಎಂಬುದನ್ನು ಅನೇಕ ಮಕ್ಕಳು ಹೊತ್ತಿರುತ್ತಾರೆ ಎಂದು ತಿಳಿದುಕೊಳ್ಳುವುದಕ್ಕೆ ಎಷ್ಟು ಹೊತ್ತು ಬೇಕು?

ಮುಂದಿನ ಸಲ ನರಸೀಪುರದ ನಿಲ್ದಾಣದಲ್ಲಿ ಒಡೆಯರಪಾಳ್ಯದ ಕಡೆಗೆ ಹೋಗುವ ಹಿರಿಯರೊಬ್ಬರು ತಮ್ಮ ಪಕ್ಕದಲ್ಲಿ ಕುಳಿತರೆ, ಹೊಲವೆಷ್ಟೆಂದು ಕೇಳಬೇಡಿ. ಮಕ್ಕಳ ಹೆಸರೇನು, ಅವರು ಎಲ್ಲಿದ್ದಾರೆ, ಕಾಗದ ಬರೆಯುತ್ತಾರೆಯೆ ಎಂದು ಕೇಳಿ. ಅವರು ಕನ್ನಡದಲ್ಲಿಯೇ ಉತ್ತರ ಕೊಡುತ್ತಾರೆ. ಬಸ್ಸು ಹೊರಡುವವರೆಗೂ ಕೇಳುವಷ್ಟು ಮಾತು ಅವರಲ್ಲಿರುತ್ತದೆ.



(ಬಾನುಲಿ ಭಾಷಣ)